ಮನೆ ಆಫೀಸಿಗೆ ಯಾವ ಪ್ರಿಂಟರ್? ಕಾರ್ಟ್ರಿಡ್ಜ್, ಟ್ಯಾಂಕ್, ಲೇಸರ್ ಮೂರನ್ನೂ ಬಳಸಿ ನೋಡಿದ ಮೇಲೆ

ಪ್ರಿಂಟರ್ ಕೊಳ್ಳಲು ಹೊರಟವರು ಮೊದಲು ಕೇಳುವುದು ಪುಟಕ್ಕೆ ಎಷ್ಟು ಪೈಸೆ ಬೀಳುತ್ತದೆ ಅಂತ. ಕೇಳಬೇಕಾದ್ದೇ. ಆದರೆ ಅದಕ್ಕಿಂತ ಮುಂಚೆ ಇನ್ನೊಂದು ಕೇಳಬೇಕು. ಮೂರು ವಾರ ಮುಟ್ಟದೆ ಬಿಟ್ಟು, ಆಮೇಲೆ ಒಂದು ಬೆಳಗ್ಗೆ ಹತ್ತು ಪುಟ ಅರ್ಜೆಂಟಾಗಿ ಬೇಕು ಅಂದರೆ ಇದು ಕೊಡುತ್ತದೋ ಇಲ್ಲವೋ? ಮನೆ ಆಫೀಸಿನ ಪ್ರಿಂಟರ್ ನಂಬಿಕೆಗೆ ಯೋಗ್ಯವೋ ಅಲ್ಲವೋ ಅನ್ನುವುದು ಅಲ್ಲೇ ಗೊತ್ತಾಗುವುದು.

ನಮ್ಮನೆ ಇರುವುದು ಸಾಗರದಲ್ಲಿ. ನಾನು ಕನ್ನಡ ಪುಸ್ತಕಗಳ ಪ್ರೂಫ್ ನೋಡುತ್ತೇನೆ. ಹೆಂಡತಿ ಒಂದಷ್ಟು ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡಿಕೊಳ್ಳುತ್ತಾಳೆ. ಎರಡೂ ಕೆಲಸ ಒಂದೇ ಸಮ ಇರುವುದಿಲ್ಲ. ಒಂದು ಪುಸ್ತಕ ಬಂತೆಂದರೆ ಮುನ್ನೂರು ಪುಟ ಒಟ್ಟಿಗೆ ತೆಗೆಯಬೇಕು, ಆಮೇಲೆ ಎಷ್ಟೋ ದಿನ ಏನೂ ಇಲ್ಲ. ಅವಳಿಗೆ ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಅನ್ನುವ ರಿಟರ್ನ್ಸ್ ಸಲ್ಲಿಸುವ ಗಡುವು. ಆ ಎರಡು ತಾರೀಖಿನ ಹಿಂದುಮುಂದೆ ಪ್ರಿಂಟರಿಗೆ ಬಿಡುವಿಲ್ಲ, ಉಳಿದ ದಿನ ಸುಮ್ನೆ ಕೂತಿರುತ್ತದೆ. ದಿನವೂ ಒಂದಿಷ್ಟು ಪ್ರಿಂಟ್ ತೆಗೆಯುವ ಮನೆಗೆ ನನ್ನ ತೀರ್ಮಾನ ಹೊಂದದೆ ಇರಬಹುದು.

ಜೆರಾಕ್ಸ್ ಅಂಗಡಿ ಇದೆಯಲ್ಲ ಅಂತ ಕೇಳುವವರಿದ್ದಾರೆ. ಇದೆ, ಪುಟಕ್ಕೆ ಎರಡು ಮೂರು ರೂಪಾಯಿ ಅಷ್ಟೆ. ಆದರೆ ಅಲ್ಲಿ ಫೈಲನ್ನು ಅಂಗಡಿಯವರ ವಾಟ್ಸ್‌ಆ್ಯಪ್‌ಗೆ ಕಳಿಸಬೇಕು. ಬೇರೆಯವರ ಪ್ಯಾನ್, ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟು ಅಂಗಡಿಯ ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರಿನಲ್ಲಿ ಬಿದ್ದಿರುವುದು ನಮಗೆ ಸರಿ ಕಾಣಲಿಲ್ಲ.

ಮೊದಲು ಕಾರ್ಟ್ರಿಡ್ಜ್ ಇಂಕ್‌ಜೆಟ್, ಅಂದರೆ ಇಂಕು ತುಂಬಿದ ಸಣ್ಣ ಡಬ್ಬಿ ಹಾಕುವ ಪ್ರಿಂಟರ್. ಇದನ್ನು ಬೇಗ ಮುಗಿಸುತ್ತೇನೆ. ಯಂತ್ರ ಅಗ್ಗ, ಕಾರ್ಟ್ರಿಡ್ಜ್ ದುಬಾರಿ. ಎಚ್‌ಪಿ 805 ಕಪ್ಪು ಕಾರ್ಟ್ರಿಡ್ಜಿಗೆ ಕಂಪನಿಯೇ ಹೇಳುವುದು ಸುಮಾರು 120 ಪುಟ. ನಮ್ಮ ಒಂದು ಪುಸ್ತಕಕ್ಕೆ ಅಂಥವು ಎರಡೂವರೆ ಬೇಕು! ಪುಟಕ್ಕೆ ಐದಾರು ರೂಪಾಯಿಯ ಮೇಲೇ ಬೀಳುತ್ತದೆ. ಒಂದು ಒಳ್ಳೆಯ ಗುಣ ಇದೆ: ಇಂಥ ಅಗ್ಗದ ಮಾದರಿಗಳಲ್ಲಿ ಇಂಕು ಚಿಮ್ಮಿಸುವ ಹೆಡ್ ಕಾರ್ಟ್ರಿಡ್ಜಿನಲ್ಲೇ ಇರುತ್ತದೆ. ಅದು ಒಣಗಿತು ಅಂದರೆ ಹೊಸ ಕಾರ್ಟ್ರಿಡ್ಜ್ ಹಾಕಿ, ಹೆಡ್ಡೂ ಹೊಸದು, ಮೆಕ್ಯಾನಿಕ್ ಬೇಡ. ವರ್ಷಕ್ಕೆ ಐವತ್ತು ಪುಟ ತೆಗೆಯುವವರಿಗೆ ಸಾಕು. ಅದನ್ನು ಆಫೀಸು ಅಂತ ಕರೆಯಬೇಕಾ ಅನ್ನುವುದು ಬೇರೆ ಮಾತು.

ಇನ್ನು ಟ್ಯಾಂಕ್ ಪ್ರಿಂಟರ್, ಅಂದರೆ ಬಾಟಲಿಯಿಂದ ಇಂಕು ಸುರಿದು ತುಂಬುವ ಇಂಕ್‌ಜೆಟ್. ಈಗ ಅಂಗಡಿಗೆ ಹೋದರೆ ಎಲ್ಲರೂ ತೋರಿಸುವುದು ಇದನ್ನೇ. ಹೊಗಳಿಕೆ ಪೂರ್ತಿ ಸುಳ್ಳೇನಲ್ಲ. ಎಪ್ಸನ್ 003 ಕಪ್ಪು ಬಾಟಲಿ 65 ಮಿಲಿ, 4500 ಪುಟ ಅನ್ನುತ್ತಾರೆ. ಕ್ಯಾನನ್ ಜಿಐ-790 ಕಪ್ಪು 135 ಮಿಲಿ, 6000 ಪುಟ. ಇವು ಕಂಪನಿಯ ಪರೀಕ್ಷಾ ಪುಟದ ಲೆಕ್ಕ. ಹಾಳೆ ತುಂಬ ಅಕ್ಷರ ಇರುವ ಪುಸ್ತಕದ ಪ್ರೂಫಿಗೆ ಅಷ್ಟು ಬರುವುದಿಲ್ಲ. ಮೊದಲ ಬಾಟಲಿಯ ಒಂದು ಪಾಲು ಒಳಗಿನ ಕೊಳವೆ ತುಂಬುವುದಕ್ಕೇ ಹೋಗುತ್ತದೆ. ಹಾಗಿದ್ದರೂ ಇಂಕಿನ ಖರ್ಚು ಪುಟಕ್ಕೆ ಹತ್ತಿಪ್ಪತ್ತು ಪೈಸೆ ದಾಟುವುದಿಲ್ಲ. ಬಣ್ಣ ಬರುತ್ತದೆ, ಮೇಲೆ ಸ್ಕ್ಯಾನರ್ ಇದೆ, ಮಗಳ ಸ್ಕೂಲ್ ಪ್ರಾಜೆಕ್ಟಿಗೂ ಆಗುತ್ತದೆ. ಕರೆಂಟು ತಿನ್ನುವುದೂ ಬಹಳ ಕಮ್ಮಿ, ಕೆಲಸ ಮಾಡುವಾಗ ಹದಿನೈದು ವಾಟ್ ಆಸುಪಾಸು. ಇನ್ವರ್ಟರಿನಲ್ಲಿ ಆರಾಮಾಗಿ ಓಡುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಇದು ಸಣ್ಣ ವಿಷಯವಲ್ಲ.

ತೊಂದರೆ ಶುರುವಾಗುವುದು ಅದು ಸುಮ್ಮನೆ ಕೂತಾಗ. ಇಂಕು ದ್ರವ, ಹೆಡ್ಡಿನ ರಂಧ್ರಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಬಿಟ್ಟಷ್ಟು ದಿನ ಅಲ್ಲಿ ಇಂಕು ಗಟ್ಟಿಯಾಗುತ್ತಾ ಹೋಗುತ್ತದೆ. ಪುಸ್ತಕದ ಕೆಲಸ ಇಲ್ಲದ ತಿಂಗಳು ಕಳೆದು ಪ್ರಿಂಟ್ ಕೊಟ್ಟರೆ ಹಾಳೆಯ ಮೇಲೆ ಬಿಳಿ ಗೆರೆಗಳು. ರಂಧ್ರ ತೆರೆದಿದೆಯೋ ಅಂತ ನೋಡುವ ನಾಜಲ್ ಚೆಕ್, ಹೆಡ್ ಕ್ಲೀನಿಂಗ್, ಮತ್ತೆ ನಾಜಲ್ ಚೆಕ್. ಒಂದೊಂದು ಕ್ಲೀನಿಂಗಿಗೂ ಇಂಕು ಹೋಗುತ್ತದೆ. ಹೋದ ಇಂಕು ಎಲ್ಲಿಗೆ? ಯಂತ್ರದ ತಳದಲ್ಲಿ ಒಂದು ಸ್ಪಂಜಿನಂಥ ಪ್ಯಾಡ್ ಇರುತ್ತದೆ, ಅದರೊಳಕ್ಕೆ. ಆ ಪ್ಯಾಡ್ ತುಂಬಿತು ಅಂತ ಯಂತ್ರದ ಲೆಕ್ಕಕ್ಕೆ ಬಂದ ದಿನ ಪ್ರಿಂಟರ್ ನಿಂತೇ ಬಿಡುತ್ತದೆ. ನಮ್ಮದು ಹಾಗೆ ನಿಂತಿದ್ದು ರಿಟರ್ನ್ಸ್ ಗಡುವಿನ ವಾರ. ಯಾವ ಕಂಪನಿಯದು ಅನ್ನುವುದು ಬೇಡ, ಈ ಜಾತಿಯ ಯಂತ್ರಗಳ ಕಟ್ಟೋಣವೇ ಹಾಗೆ. ಈಚಿನ ಕೆಲವು ಮಾದರಿಗಳಲ್ಲಿ ಆ ಪ್ಯಾಡನ್ನು ಡಬ್ಬಿಯ ರೂಪದಲ್ಲಿ ಹೊರಗೆ ಇಟ್ಟಿದ್ದಾರೆ, ನಾವೇ ಬದಲಿಸಬಹುದು. ಟ್ಯಾಂಕೇ ಬೇಕು ಅನ್ನುವವರು ಅದನ್ನು ಕೇಳಿ ತಗೊಳ್ಳಿ.

ರಿಪೇರಿಗೆ ಬಂದ ಹುಡುಗ ಹೇಳಿದ್ದು: "ಸಾರ್, ವಾರಕ್ಕೊಂದು ಕಲರ್ ಪ್ರಿಂಟ್ ತೆಗೀರಿ. ಆಮೇಲೆ ಗೋಡೆ ಸ್ವಿಚ್ಚಲ್ಲಿ ಆಫ್ ಮಾಡ್ಬೇಡಿ." ಎರಡನೆಯದು ಬಹಳ ಜನಕ್ಕೆ ಗೊತ್ತಿಲ್ಲ. ಪ್ರಿಂಟರಿನ ಗುಂಡಿ ಒತ್ತಿ ಆಫ್ ಮಾಡಿದರೆ ಹೆಡ್ ತನ್ನ ಮೂಲೆಗೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ಗೋಡೆಯ ಸ್ವಿಚ್ ಆರಿಸಿದರೆ, ಅಥವಾ ಪ್ರಿಂಟ್ ಮಧ್ಯೆ ಕರೆಂಟು ಹೋದರೆ, ನಿಂತಲ್ಲೇ ಬಾಯಿ ತೆರೆದುಕೊಂಡು ಒಣಗುತ್ತದೆ. ಕರೆಂಟು ಬಂದ ಮೇಲೆ ಒಮ್ಮೆ ಆನ್ ಮಾಡಿ ಗುಂಡಿಯಲ್ಲೇ ಆಫ್ ಮಾಡಬೇಕು.

ಪ್ರೂಫ್ ನೋಡುವವನಾಗಿ ನನಗೆ ಇನ್ನೊಂದು ತಕರಾರು ಇತ್ತು. ಟ್ಯಾಂಕ್ ಪ್ರಿಂಟರುಗಳ ಕಪ್ಪು ಇಂಕಿನಲ್ಲಿ ಎರಡು ಬಗೆ. ಎಪ್ಸನ್ 003 ಕಪ್ಪು ಡೈ ಇಂಕು, ನೀರಿನಲ್ಲಿ ಕರಗಿದ ಬಣ್ಣ. ಕ್ಯಾನನ್ ಜಿಐ-790, ಎಚ್‌ಪಿ ಜಿಟಿ53 ಇವುಗಳ ಕಪ್ಪು ಪಿಗ್ಮೆಂಟ್, ಅಂದರೆ ಕಾಗದದ ಮೇಲೆ ನಿಲ್ಲುವ ಸಣ್ಣ ಕಣ. ಫೋಟೋಗೆ ಡೈ ಚೆನ್ನ. ಅಕ್ಷರಕ್ಕೆ ಪಿಗ್ಮೆಂಟೇ ಸರಿ. ತೆಳ್ಳನೆಯ 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಕಾಗದದ ಮೇಲೆ ಡೈ ಇಂಕು ಎಳೆ ಎಳೆಯಾಗಿ ಹರಡುತ್ತದೆ. ಇಂಗ್ಲಿಷಿಗೆ ಅದು ಅಷ್ಟು ಕಾಣುವುದಿಲ್ಲ. ಕನ್ನಡದಲ್ಲಿ ಕಾಣುತ್ತದೆ. ದ, ಧ ಎರಡರ ನಡುವೆ ಇರುವುದು ಕೆಳಗಿನ ಒಂದು ಸೀಳು. ಥ ಆಗುವುದು ಹೊಟ್ಟೆಯೊಳಗಿನ ಒಂದು ಚುಕ್ಕೆಯಿಂದ. ಹತ್ತು ಪಾಯಿಂಟಿನಲ್ಲಿ 'ಸ್ವಾತಂತ್ರ್ಯ', 'ರಾಷ್ಟ್ರ' ಇಂಥವನ್ನು ತೆಗೆದು ನೋಡಿ, ಒತ್ತಿನ ಒಳಗಿನ ಬಿಳಿ ಜಾಗ ಮುಚ್ಚಿಹೋಗಿ ಕರೀ ಗಂಟಾಗಿರುತ್ತದೆ. ತಪ್ಪು ಹುಡುಕಬೇಕಾದ ಹಾಳೆಯೇ ತಪ್ಪನ್ನು ಅಡಗಿಸಿಕೊಂಡರೆ ಏನು ಮಾಡುವುದು? ಅದರ ಮೇಲೆ ಹೈಲೈಟರ್ ಎಳೆದರೆ ಸಾಲಿಗೆ ಸಾಲೇ ಕಲಸಿಹೋಗುತ್ತದೆ. ಒದ್ದೆ ಕೊಡೆಯ ಪಕ್ಕ ಇಟ್ಟ ಹಾಳೆಯ ಕಥೆ ಹೇಳುವುದೇ ಬೇಡ.

ಲೇಸರ್ ವಿಷಯಕ್ಕೆ ಬರೋಣ. ನಾನು ಹೇಳುತ್ತಿರುವುದು ಕಪ್ಪು ಬಿಳುಪಿನ ಮೋನೋ ಲೇಸರ್. ಕಲರ್ ಲೇಸರ್ ಸಣ್ಣ ಆಫೀಸಿಗೆ ದುಬಾರಿ, ನಾಲ್ಕು ಟೋನರ್ ಸಾಕುವ ಶಕ್ತಿ ನಮಗಿಲ್ಲ.

ಟೋನರ್ ಒಣ ಪುಡಿ. ಒಣಗುವುದಕ್ಕೆ ಅದರಲ್ಲಿ ಏನೂ ಇಲ್ಲ. ತಿಂಗಳುಗಟ್ಟಲೆ ಬಿಟ್ಟು ಆನ್ ಮಾಡಿದರೂ ಮೊದಲ ಹಾಳೆಯೇ ಚೊಕ್ಕವಾಗಿ ಬರುತ್ತದೆ. ಪುಡಿ ಬಿಸಿಗೆ ಕರಗಿ ಕಾಗದಕ್ಕೆ ಅಂಟಿಕೊಳ್ಳುವುದರಿಂದ ಅಕ್ಷರದ ಅಂಚು ಚೂಪು. ಧ ಧವೇ, ದ ದವೇ. ನೀರು ಬಿದ್ದರೂ ಅಕ್ಷರ ಓಡುವುದಿಲ್ಲ. ವೇಗವೂ ಹಾಗೇ. ಬ್ರದರ್ ಎಚ್‌ಎಲ್-ಎಲ್2321ಡಿ ನಿಮಿಷಕ್ಕೆ 30 ಪುಟ ಅನ್ನುತ್ತದೆ, ಸಾಧಾರಣ ಟ್ಯಾಂಕ್ ಪ್ರಿಂಟರು ಕಪ್ಪಿನಲ್ಲಿ ಹತ್ತು. ಮುನ್ನೂರು ಪುಟದ ಪುಸ್ತಕವನ್ನು ಪ್ರಿಂಟಿಗೆ ಕೊಟ್ಟು ಟೀ ಕುಡಿದು ಬರುವಷ್ಟರಲ್ಲಿ ಮುಗಿದಿರುತ್ತದೆ. ಟ್ಯಾಂಕಿನಲ್ಲಿ ಪ್ರತಿ ಸಲ ಹಿಂದಿನ ಟ್ರೇಗೆ ಹಾಳೆ ತುಂಬುತ್ತಾ ಕಾವಲು ಕೂರಬೇಕಿತ್ತು.

ಖರ್ಚು? ಅದೇ ಬ್ರದರಿನ ಟಿಎನ್-2365 ಟೋನರಿಗೆ 2600 ಪುಟ, ಪುಡಿಯನ್ನು ಕಾಗದಕ್ಕೆ ದಾಟಿಸುವ ಉರುಳೆ, ಅಂದರೆ ಡ್ರಮ್, ಬೇರೆ, ಅದು 12000 ಪುಟ. ಎಚ್‌ಪಿ 12ಎ, ಕ್ಯಾನನ್ 303 ಇಂಥವುಗಳಲ್ಲಿ ಟೋನರ್ ಮತ್ತು ಡ್ರಮ್ ಒಂದೇ ಡಬ್ಬಿ, 2000 ಪುಟ. ಒರಿಜಿನಲ್ ಹಾಕಿದರೆ ಪುಟಕ್ಕೆ ಒಂದು ರೂಪಾಯಿಯ ಮೇಲೆ. ರೀಫಿಲ್ ಮಾಡಿಸಿದರೆ ಪೈಸೆಗಳಿಗೆ ಇಳಿಯುತ್ತದೆ, ಆದರೆ ಪುಡಿಯ ಗುಣ ರೀಫಿಲ್ ಮಾಡುವವರ ಮೇಲೆ ನಿಂತಿದೆ. ಕಳಪೆ ಪುಡಿ ಹಾಕಿಸಿದರೆ ಹಾಳೆಯ ಹಿನ್ನೆಲೆಯೆಲ್ಲ ಬೂದು ಬೂದು. ಪುಡಿ ಬಟ್ಟೆಗೆ ಬಿದ್ದರೆ ತಣ್ಣೀರಿನಲ್ಲೇ ತೊಳೆಯಿರಿ, ಬಿಸಿನೀರು ತಾಗಿದರೆ ಅಲ್ಲೇ ಅಂಟಿಕೊಳ್ಳುತ್ತದೆ.

ಲೇಸರಿನ ನಿಜವಾದ ಕೊರತೆ ಕರೆಂಟು. ಪುಡಿ ಕರಗಿಸುವ ಭಾಗ ಹೆಚ್ಚುಕಮ್ಮಿ 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬೇಕು. ಸಣ್ಣ ಲೇಸರ್ ಕೂಡ ಪ್ರಿಂಟ್ ಮಾಡುವಾಗ ನೂರಾರು ವಾಟ್ ಎಳೆಯುತ್ತದೆ, ಕಾಯುವ ಕ್ಷಣದಲ್ಲಿ ಇನ್ನೂ ಜಾಸ್ತಿ. ಕಂಪ್ಯೂಟರಿಗೆ ಇಡುವ 600 ವಿಎ ಯುಪಿಎಸ್ ಕೊಡುವುದೇ ಸುಮಾರು 360 ವಾಟ್. ಅದಕ್ಕೆ ಲೇಸರ್ ಸಿಕ್ಕಿಸಿದರೆ ಕೀಂ ಎಂದು ಕೂಗಿ ಕಂಪ್ಯೂಟರನ್ನೂ ಕರೆದುಕೊಂಡು ಆರುತ್ತದೆ. ಮನೆಯ ಇನ್ವರ್ಟರಿಗೂ ಅದು ಭಾರ. ಹಾಗಾಗಿ ಕರೆಂಟು ಹೋದಾಗ ಲೇಸರ್ ಇಲ್ಲ ಅಂತಲೇ ಲೆಕ್ಕ. ನಾವು ಇದಕ್ಕೆ ಕಂಡುಕೊಂಡ ಉಪಾಯ ದೊಡ್ಡದೇನಲ್ಲ: ಗಡುವಿನ ಹಿಂದಿನ ದಿನವೇ ತೆಗೆದಿಡುವುದು. ಮಳೆಗಾಲದಲ್ಲಿ ಇಡೀ ದಿನ ಕರೆಂಟಿಲ್ಲದ ಊರಿನವರಿಗೆ ಈ ಉಪಾಯ ಸಾಲದು, ಅವರು ಟ್ಯಾಂಕ್ ಕಡೆ ವಾಲುವುದೇ ಸರಿ.

ಹಳೇ ಲೇಸರುಗಳ ಬಗ್ಗೆ ಒಂದು ಮಾತು. ಎಚ್‌ಪಿ 1020, ಕ್ಯಾನನ್ ಎಲ್‌ಬಿಪಿ 2900 ಇವನ್ನು ನೀವು ಯಾವುದಾದರೂ ವಕೀಲರ ಆಫೀಸಿನಲ್ಲೋ ಸೊಸೈಟಿಯಲ್ಲೋ ಖಂಡಿತ ನೋಡಿರುತ್ತೀರಿ. 1020 ಬಂದಿದ್ದು 2005ರಲ್ಲಿ, ಇನ್ನೂ ಓಡುತ್ತಿವೆ. ಸೆಕೆಂಡ್ ಹ್ಯಾಂಡ್ ಸಿಗುತ್ತವೆ, ರೀಫಿಲ್ ಎಲ್ಲ ಊರಲ್ಲೂ ಇದೆ, ಬಿಡಿಭಾಗ ಸಿಗುತ್ತದೆ. ಗೆಳೆಯರೊಬ್ಬರ 2900 ತಂದು ಒಂದು ಪುಸ್ತಕ ಪೂರ್ತಿ ತೆಗೆದಿದ್ದೇನೆ. ನಿಧಾನ, ನಿಮಿಷಕ್ಕೆ 12 ಪುಟ, ಆದರೆ ಅಕ್ಷರಕ್ಕೆ ಹೆಸರಿಡುವ ಹಾಗಿಲ್ಲ. ವೈಫೈ ಇಲ್ಲ, ಎರಡೂ ಬದಿ ತಾನೇ ತೆಗೆಯುವುದಿಲ್ಲ, ಲಿನಕ್ಸ್‌ನಲ್ಲಿ ಡ್ರೈವರ್ ಹೊಂದಿಸುವುದು ತಲೆನೋವು. ವಿಂಡೋಸ್ ಇದ್ದು ದುಡ್ಡು ಕಮ್ಮಿ ಇದ್ದವರಿಗೆ ಹೊಸ ಅಗ್ಗದ ಇಂಕ್‌ಜೆಟ್‌ಗಿಂತ ಇಂಥದ್ದೇ ಮೇಲು.

ಕಾಗದವನ್ನು ಬಿಟ್ಟು ಪ್ರಿಂಟರಿನ ಮಾತಾಡುವುದು ನಮ್ಮ ಕಡೆ ಆಗದ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಕಾಗದ ಹಪ್ಪಳದಂತೆ ತೇವ ಎಳೆಯುತ್ತದೆ. ಟ್ಯಾಂಕಿನಲ್ಲಿ ಅಂಥ ಹಾಳೆಗೆ ಇಂಕು ಇನ್ನಷ್ಟು ಹರಡುತ್ತದೆ. ಲೇಸರಿನಲ್ಲಿ ಹಾಳೆ ಸುರುಳಿಯಾಗಿ ಹೊರಬರುತ್ತದೆ, ಎರಡೆರಡು ಒಟ್ಟಿಗೆ ಎಳೆದು ಜಾಮ್ ಆಗುತ್ತದೆ, ಒಮ್ಮೊಮ್ಮೆ ಹಬೆಯೇ ಏಳುತ್ತದೆ. ಹಬೆ ಕಂಡು ಹೆಂಡತಿ ಹೊಗೆ ಅಂತ ಪ್ಲಗ್ ಕಿತ್ತಿದ್ದಳು. ಬೇಕಾದಷ್ಟೇ ಹಾಳೆ ಟ್ರೇಗೆ ಹಾಕಿ, ಉಳಿದ ರೀಮನ್ನು ಅದರ ಹೊದಿಕೆಯಲ್ಲೇ ಸುತ್ತಿ ಪ್ಲಾಸ್ಟಿಕ್ ಕವರಿನಲ್ಲಿ ಬೀರುವಿನೊಳಗೆ ಇಡುವುದು ಈಗ ನಮ್ಮ ಪದ್ಧತಿ. 70ರ ಬದಲು 75 ಜಿಎಸ್‌ಎಂ ತಂದರೆ ಜಾಮ್ ಕಮ್ಮಿ. ದಾಂಡೇಲಿ ಕಾರ್ಖಾನೆಯ ಕಾಪಿಯರ್ ಕಾಗದ ನಮಗೆ ಒಗ್ಗಿದೆ. ಟ್ರೇ ತೆರೆದಿಟ್ಟರೆ ಹಲ್ಲಿ ಮೊಟ್ಟೆ ಇಡುತ್ತದೆ, ಇದು ಯಾವ ಕಂಪನಿಯ ಕೈಪಿಡಿಯಲ್ಲೂ ಇಲ್ಲ.

ವೈಫೈ ವಿಷಯದಲ್ಲಿ ಮೂರೂ ಒಂದೇ. ನಿನ್ನೆ ಸರಿಯಿದ್ದ ಪ್ರಿಂಟರ್ ಇವತ್ತು 'ಆಫ್‌ಲೈನ್' ಅನ್ನುತ್ತದೆ. ಹೆಚ್ಚಿನ ಸಲ ಕಾರಣ ಇಷ್ಟೇ: ಕರೆಂಟು ಹೋಗಿ ಬಂದ ಮೇಲೆ ರೂಟರ್ ಅದಕ್ಕೆ ಬೇರೆ ಐಪಿ ವಿಳಾಸ ಕೊಟ್ಟಿರುತ್ತದೆ, ಕಂಪ್ಯೂಟರ್ ಹಳೆಯದನ್ನೇ ಹುಡುಕುತ್ತಿರುತ್ತದೆ. ರೂಟರಿನ ಸೆಟ್ಟಿಂಗಿನಲ್ಲಿ ಪ್ರಿಂಟರಿಗೆ ಒಂದು ಕಾಯಂ ವಿಳಾಸ ಕೊಟ್ಟರೆ ಈ ಕಾಟ ಬಹುಪಾಲು ತಪ್ಪುತ್ತದೆ. ಅಗ್ಗದ ಪ್ರಿಂಟರುಗಳು ಬಹಳಷ್ಟು 2.4 ಗಿಗಾಹರ್ಟ್ಸ್ ವೈಫೈಯನ್ನು ಮಾತ್ರ ಹಿಡಿಯುತ್ತವೆ, ಅದೂ ನೆನಪಿರಲಿ. ಇದೆಲ್ಲ ಬೇಡ ಅಂದರೆ ಯುಎಸ್‌ಬಿ ವೈರು. ನಾವು ವೈರಿಗೇ ಮರಳಿದ್ದೇವೆ.

ಈಗ ನಮ್ಮ ಮೇಜಿನ ಮೇಲಿರುವುದು ಎರಡೂ ಬದಿ ತಾನೇ ತೆಗೆಯುವ ಮೋನೋ ಲೇಸರ್. ಸ್ಕ್ಯಾನರ್ ಇಲ್ಲ, ಫೋನಿನಲ್ಲೇ ಸ್ಕ್ಯಾನ್. ಬಿಲ್ಲುಗಳಿಗೆ ಅದು ಸಾಕು, ಹಳೇ ಪುಸ್ತಕದ ಪುಟಕ್ಕೆ ಸಾಲದು ಅನ್ನುವುದು ನಿಜ. ಬಣ್ಣದ್ದು ಬೇಕಾದಾಗ ಪೇಟೆಗೆ ಹೋಗುತ್ತೇವೆ, ಮಗಳ ಪ್ರಾಜೆಕ್ಟಿನಲ್ಲಿ ಗುಟ್ಟು ಏನೂ ಇರುವುದಿಲ್ಲವಲ್ಲ. ಟ್ಯಾಂಕ್ ಪ್ರಿಂಟರನ್ನು ರಿಪೇರಿ ಮಾಡಿಸಿ ಹೊಸನಗರದಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟಿರುವ ಭಾವಮೈದನಿಗೆ ಕೊಟ್ಟೆವು. ಅಲ್ಲಿ ಬೆಳಗ್ಗಿಂದ ಸಂಜೆವರೆಗೆ ಅರ್ಜಿ, ಫೋಟೋ, ಪಹಣಿ ಅಂತ ಒಂದಲ್ಲ ಒಂದು ಪ್ರಿಂಟ್ ಇದ್ದೇ ಇರುತ್ತದೆ. ನಮ್ಮಲ್ಲಿ ಗೆರೆ ಹಾಕುತ್ತಿದ್ದ ಅದೇ ಯಂತ್ರ ಅಲ್ಲಿ ಹೆಡ್ ಕ್ಲೀನಿಂಗ್ ಕೇಳಿಲ್ಲ.

ದಿನವೂ ಪ್ರಿಂಟ್ ತೆಗೆಯುವವರು, ಬಣ್ಣ ಬೇಕಾದವರು ಟ್ಯಾಂಕ್ ತಗೊಳ್ಳಿ, ಕಪ್ಪು ಪಿಗ್ಮೆಂಟ್ ಇರುವುದನ್ನು ನೋಡಿ. ಹೆಡ್ಡನ್ನು ನಾವೇ ಬದಲಿಸುವ ಹಾಗಿದೆಯೋ ಅಂತಲೂ ಕೇಳಿ, ಕ್ಯಾನನ್ ಜಿ ಸರಣಿಯ, ಎಚ್‌ಪಿ ಸ್ಮಾರ್ಟ್ ಟ್ಯಾಂಕಿನ ಹಲವು ಮಾದರಿಗಳಲ್ಲಿ ಆ ಅನುಕೂಲ ಇದೆ. ವಾರಂಟಿ ಕಾಗದದ ಸಣ್ಣಕ್ಷರ ಓದಿ. ಟ್ಯಾಂಕುಗಳಿಗೆ ಎಷ್ಟೋ ಸಲ ಒಂದು ವರ್ಷ ಅಥವಾ ಇಂತಿಷ್ಟು ಪುಟ, ಯಾವುದು ಮೊದಲೋ ಅದು, ಅಂತ ಇರುತ್ತದೆ. ಲೇಸರ್ ತಗೊಳ್ಳುವವರು ಕೊಳ್ಳುವ ಮುಂಚೆ ಊರಿನ ರೀಫಿಲ್ ಅಂಗಡಿಗೆ ಹೋಗಿ ಮಾದರಿಯ ಹೆಸರು ಹೇಳಿ ನೋಡಿ. "ಅದರ ಟೋನರ್ ಶಿವಮೊಗ್ಗದಿಂದ ತರಿಸ್ಬೇಕು" ಅಂದರೆ ಬೇರೆ ಮಾದರಿ ಹುಡುಕುವುದು ವಾಸಿ.