ಹೋದದ್ದನ್ನು ಮರಳಿ ತರುವ ಸೇವೆ: ಆಕ್ಸಿಯಮ್-4 ಇಳಿದ ಬಗೆ

ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಅವರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿಬಂದ ಆಕ್ಸಿಯಮ್-4 ಯಾನಕ್ಕೆ ನಮ್ಮ ಸರ್ಕಾರ ತೆತ್ತದ್ದು ಸುಮಾರು 550 ಕೋಟಿ ರೂಪಾಯಿ. ಅಷ್ಟು ಕೊಟ್ಟ ಮೇಲೆ ಸೇವೆ ಹೇಗಿತ್ತೆಂದು ಹೇಳುವ ಹಕ್ಕು ತೆರಿಗೆದಾರನಿಗೂ ಇದೆ ಎಂಬ ಧೈರ್ಯದಿಂದ ಇದನ್ನು ಬರೆಯುತ್ತಿದ್ದೇನೆ. ಏರಿದ್ದರ ಬಗ್ಗೆ ಎಲ್ಲರೂ ಬರೆದಿದ್ದಾರೆ. ನನ್ನ ಗಮನ ಇದ್ದದ್ದು ಸ್ಪೇಸ್‌ಎಕ್ಸ್ ಸಂಸ್ಥೆ ರಾಕೆಟ್ಟನ್ನೂ ಯಾತ್ರಿಗಳು ಕೂರುವ ಕೋಶವನ್ನೂ ಮರಳಿ ಪಡೆಯುವ ವ್ಯವಸ್ಥೆಯ ಮೇಲೆ.

2025ರ ಜೂನ್ 25ರಂದು ನಮ್ಮಲ್ಲಿ ಮಧ್ಯಾಹ್ನ ಹನ್ನೆರಡು, ಫ್ಲಾರಿಡಾದಲ್ಲಿ ರಾತ್ರಿ ಎರಡೂವರೆ. ಮೇಲೇರಿದ ಫಾಲ್ಕನ್-9 ರಾಕೆಟ್ಟಿನಿಂದ ಎರಡೂವರೆ ನಿಮಿಷದ ಸುಮಾರಿಗೆ ಕಳಚಿಕೊಂಡ ಕೆಳಹಂತವು, ಮೊದಲು ದಿಕ್ಕು ತಿರುಗಿಸಲು, ಬಳಿಕ ವಾತಾವರಣ ಹೊಗುವಾಗ ವೇಗ ತಗ್ಗಿಸಲು, ಕೊನೆಗೆ ಇಳಿಯಲು ಎಂದು ಮೂರು ಸಲ ಎಂಜಿನ್ ಉರಿಸಿ, ಏರಿದ ಎಂಟು ನಿಮಿಷಗಳ ಆಸುಪಾಸಿನಲ್ಲಿ ಕೇಪ್ ಕೆನವೆರಲ್‌ನ ಲ್ಯಾಂಡಿಂಗ್ ಜೋನ್-1ರ ಮೇಲೆ ನೆಟ್ಟಗೆ ನಿಂತಿತು. ಆ ಜಾಗ ನೋಡಲು ಏನೇನೂ ಅಲ್ಲ. ಅಟ್ಲಾಸ್ ಕ್ಷಿಪಣಿಗಳ ಹಳೆಯ ಉಡಾವಣಾ ನೆಲೆಯನ್ನು ಗುತ್ತಿಗೆಗೆ ಪಡೆದು, ಸುಮಾರು 86 ಮೀಟರ್ ಅಗಲದ ದುಂಡನೆಯ ಕಾಂಕ್ರೀಟ್ ಕಣ ಮಾಡಿದ್ದರು, ಅಷ್ಟೆ. ಕಾಲು ಚಾಚಿದರೆ 18 ಮೀಟರ್ ಅಗಲವಾಗುವ ರಾಕೆಟ್ಟಿಗೆ ಅದು ಧಾರಾಳವಾಗಿತ್ತು. ಜಾಣತನವಿರುವುದು ಇಳಿಯುವ ದಾರಿಯಲ್ಲಿ: ಕೊನೆಯ ಉರಿ ಸರಿಯಾಗಿ ಹತ್ತುವವರೆಗೂ ರಾಕೆಟ್ಟಿನ ಗುರಿ ಕಣದ ಮೇಲಿರದೆ ಪಕ್ಕದ ಕಡಲಿನ ಮೇಲಿರುತ್ತದೆ. 2018ರ ಡಿಸೆಂಬರ್‌ನಲ್ಲಿ ಇಳಿಯುವಾಗ ದಿಕ್ಕು ಹಿಡಿಸುವ ಜಾಲರಿ ರೆಕ್ಕೆಗಳ ಪಂಪು ಕೈಕೊಟ್ಟಾಗ ರಾಕೆಟ್ಟು ಗಿರಗಿರನೆ ತಿರುಗುತ್ತ ನೀರಿಗೆ ಬಿತ್ತೇ ಹೊರತು ನೆಲದ ಮೇಲೆ ಯಾರಿಗೂ ಅಪಾಯವಾಗಲಿಲ್ಲ. ಈ ಭಾಗಕ್ಕೆ ನಾನು ಪೂರ್ತಿ ಅಂಕ ಕೊಡುತ್ತಿದ್ದೆ. ಆದರೆ ಉಡಾವಣೆಗೆ ಮುನ್ನ ಇದೇ ಕೆಳಹಂತದಲ್ಲಿ ದ್ರವ ಆಮ್ಲಜನಕದ ಸೋರಿಕೆ ಕಂಡುಬಂದು, ದುರಸ್ತಿಯಾಗದೆ ಹಾರಬಾರದೆಂದು ಇಸ್ರೋದವರು ಪಟ್ಟು ಹಿಡಿಯಬೇಕಾಯಿತು. ಒಮ್ಮೆ ಹಾರಿ ಬಂದ ವಸ್ತುವನ್ನು ಮತ್ತೆ ಮಾರುವವರು ಗಿರಾಕಿ ಕೇಳುವ ಮೊದಲೇ ಅದನ್ನು ಸರಿಮಾಡಿರಬೇಕು.

ಜುಲೈ 15ರಂದು ನಮ್ಮಲ್ಲಿ ಮಧ್ಯಾಹ್ನ ಮೂರು ಗಂಟೆಯಾಗಿದ್ದಾಗ, ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಡಿಯೇಗೊ ತೀರದಾಚೆ, ನಾಲ್ಕು ದೊಡ್ಡ ಪ್ಯಾರಾಚೂಟ್‌ಗಳಡಿಯಲ್ಲಿ ತೂಗುತ್ತ ‘ಗ್ರೇಸ್’ ಕೋಶ ಕಡಲಿಗಿಳಿಯಿತು. ಮೊದಲ ಹಾರಾಟದಲ್ಲೇ ಅದರ ಬಿಳಿ ಮೈ ಸುಟ್ಟ ಪಾತ್ರೆಯ ತಳದಂತಾಗಿತ್ತು. ವೇಗದ ದೋಣಿಗಳಲ್ಲಿ ಬಂದವರು ಮೊದಲು ನೋಡಿದ್ದು ಸುತ್ತ ವಿಷಾನಿಲವೇನಾದರೂ ಇದೆಯೇ ಎಂದು. ಏಕೆಂದರೆ ಕೋಶದ ಪುಟ್ಟ ಎಂಜಿನ್‌ಗಳ ಇಂಧನ ಉಸಿರಿಗೆ ಅಪಾಯಕಾರಿ. ಆಮೇಲೆ ಹಗ್ಗ ಬಿಗಿದು, ‘ಶ್ಯಾನನ್’ ಹಡಗಿನ ಹಿಂಬದಿಯ ಚೌಕಟ್ಟಿನಿಂದ ಕೋಶವನ್ನು ಎತ್ತಿ ಡೆಕ್ಕಿನ ಮೇಲೆ ಕೂರಿಸಿ, ಬಾಗಿಲು ತೆರೆದರು. ಒಂದು ಗಂಟೆಯೊಳಗೆ ಶುಕ್ಲಾ ಹೊರಬಂದು ನಗುತ್ತ ಕೈಬೀಸಿದರು.

ಪೆಸಿಫಿಕ್‌ನಲ್ಲೇ ಏಕೆ ಎಂಬುದಕ್ಕೆ ಉತ್ತರ ಅಷ್ಟೇನೂ ಹೆಮ್ಮೆಯದಲ್ಲ. ಮೊದಲು ಫ್ಲಾರಿಡಾದ ಬಳಿ ಇಳಿಸುತ್ತಿದ್ದಾಗ, ಕೋಶದ ಹಿಂಭಾಗಕ್ಕೆ ಜೋಡಿಸಿದ, ‘ಟ್ರಂಕ್’ ಎನ್ನುವ ಕಳಚಬಹುದಾದ ಭಾಗವನ್ನು ಕಕ್ಷೆಯಲ್ಲೇ ಬಿಟ್ಟು ಬರುತ್ತಿದ್ದರು. ಅದು ಉರಿದು ಬೂದಿಯಾಗುವುದೆಂಬ ಲೆಕ್ಕ ತಪ್ಪಿ, 2022ರಲ್ಲಿ ಆಸ್ಟ್ರೇಲಿಯದಲ್ಲೂ 2024ರಲ್ಲಿ ನಾರ್ತ್ ಕ್ಯಾರೊಲಿನಾದಲ್ಲೂ ಅದರ ಚೂರುಗಳು ನೆಲಕ್ಕೆ ಬಿದ್ದಿದ್ದವು. ಈಗ ಕೋಶ ಇಳಿಯುವ ದಾರಿ ಹಿಡಿದ ಮೇಲೆಯೇ ಟ್ರಂಕನ್ನು ಕಳಚುವುದರಿಂದ ಅದು ಪೆಸಿಫಿಕ್‌ನ ಜನರಿಲ್ಲದ ಭಾಗಕ್ಕೆ ಬೀಳುತ್ತದೆ. ತಡವಾದರೂ ಸರಿಯಾದ ತಿದ್ದುಪಡಿ.

ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯವರು ರೂಪಿಸಿದ ಪ್ರಯೋಗಕ್ಕಾಗಿ ಹೆಸರುಕಾಳು ಮತ್ತು ಮೆಂತ್ಯ ಈ ಯಾನದಲ್ಲೇ ಮೊಳಕೆಯೊಡೆದಿದ್ದವು. ಅಂಥ ಪ್ರಯೋಗಗಳಿಗೆ ಕೋಶವು ನೀರಿನಲ್ಲಿ ತೇಲುವ ಪ್ರತಿ ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಗಗನಯಾನದ ಕೋಶವೂ ಕಡಲಿಗೇ ಇಳಿಯಲಿದ್ದು, ನೌಕಾಪಡೆ ಅದನ್ನು ಎತ್ತುವ ತಾಲೀಮು ನಡೆಸಿದೆ. ಕೊಟ್ಟ ಹಣಕ್ಕೆ ಕಲಿತು ಬರಬೇಕಾದ ಒಂದೇ ವಸ್ತುವನ್ನು ಆರಿಸಿ ಎಂದರೆ ನಾನು ತೋರಿಸುವುದು ‘ಶ್ಯಾನನ್’ ಹಿಂಬದಿಯ ಆ ಎತ್ತುವ ಚೌಕಟ್ಟನ್ನು.