ಸಿಮ್‌ಎಚ್‌ನಲ್ಲಿ ಐಬಿಎಂ 1401: ಯಂತ್ರ ಸಿಕ್ಕಿತು, ಪ್ರಿಂಟರ್ ಸಿಗಲಿಲ್ಲ

ಮಂಜೇಶ್ವರ, ಕುಂಬಳೆ ಕಡೆಯ ಕನ್ನಡ ಮಾಧ್ಯಮ ಶಾಲೆಗಳ ಹಳೇ ಲ್ಯಾಪ್‌ಟಾಪಿನಲ್ಲೂ ಸಲೀಸಾಗಿ ಓಡುವ ಉಚಿತ ತಂತ್ರಾಂಶ ಸಿಮ್‌ಎಚ್. ಹಳೆಯ ಕಂಪ್ಯೂಟರುಗಳನ್ನು ಅನುಕರಿಸುವುದೇ ಇದರ ಕೆಲಸ. ಐ.ಟಿ. ಪಾಠಕ್ಕೆ ಇದರಲ್ಲಿ ಐಬಿಎಂ ಕಂಪನಿಯ ಹಳೆಯ ಕಂಪ್ಯೂಟರ್ 1401 ಅನ್ನೇ ಆರಿಸಿ, ಅದು ಅಷ್ಟು ಜನಪ್ರಿಯವಾಗಿತ್ತು. 1951ರಲ್ಲಿ ಅಮೆರಿಕದ ಜನಗಣತಿ ಇಲಾಖೆಗೆ ಹೋದ ಯುನಿವ್ಯಾಕ್ ಎಂಬ ಕಂಪ್ಯೂಟರ್ ಮಾರಾಟವಾದದ್ದು ಒಟ್ಟು 46. 1959ರ ಅಕ್ಟೋಬರಿನಲ್ಲಿ ಪ್ರಕಟವಾದ 1401, ತಿಂಗಳಿಗೆ 2,500 ಡಾಲರಿನಿಂದ ಶುರುವಾಗುವ ಬಾಡಿಗೆಗೆ ಸಿಗುತ್ತಿತ್ತು. ಇದರ ಸಂಖ್ಯೆ ಹತ್ತು ಸಾವಿರ ದಾಟಿತು.

ಅಭ್ಯಾಸಕ್ಕೆ ಅಡಿಕೆ ಸೊಸೈಟಿಯ ಲೆಕ್ಕ ಸಾಕು. ಮೆಮೊರಿಯನ್ನು 4ಕೆಗೆ ಇಳಿಸಿ, ಅಂದರೆ 4,000 ಅಕ್ಷರ. ಆಗ ಮಾಹಿತಿಯನ್ನು ತೂತು ಕೊರೆದ (ಪಂಚ್ ಮಾಡಿದ) ಕಾರ್ಡುಗಳಲ್ಲಿ ಕೊಡುತ್ತಿದ್ದರು; ಇಲ್ಲಿ ಟೆಕ್ಸ್ಟ್ ಫೈಲಿನ ಒಂದು ಸಾಲು ಒಂದು ಕಾರ್ಡ್: ಸದಸ್ಯ ಸಂಖ್ಯೆ 1–5, ಹೆಸರು 6–25, ತೂಕ 26–30ನೇ ಕಾಲಂ. ಸಾಲು 80 ಕಾಲಂ ಮೀರಬಾರದು. ಟ್ಯಾಬ್ ಒತ್ತಿದರೆ ಕಾಲಂ ಕೆಡುತ್ತದೆ, ಸ್ಪೇಸ್ ಬಾರನ್ನೇ ಒತ್ತಿ. ಈ ಸಾಲುಗಳ ಮೊದಲು ಪ್ರೋಗ್ರಾಮಿನ ಕಾರ್ಡುಗಳಿರಲಿ. ಕಾರ್ಡ್ ರೀಡರಿಗೆ ಈ ಫೈಲು, ಪ್ರಿಂಟರಿಗೆ ಇನ್ನೊಂದು ಫೈಲು ಅಟ್ಯಾಚ್ ಮಾಡಿ (ಜೋಡಿಸಿ), ಆಮೇಲೆ ರೀಡರಿನಿಂದ ಬೂಟ್, ಅಂದರೆ ಯಂತ್ರ ಶುರು.

ಮಕ್ಕಳು ಎಡವುವುದು ವರ್ಡ್ ಮಾರ್ಕ್‌ನಲ್ಲಿ, ಅಂದರೆ ಮೆಮೊರಿಯಲ್ಲಿ ಒಂದು ಪದ ಎಲ್ಲಿ ಶುರು ಎಂದು ತೋರಿಸುವ ಗುರುತಿನಲ್ಲಿ. ಕಾರ್ಡು ಬಂದು ಬೀಳುವುದು ಮೆಮೊರಿಯ 001–080ಕ್ಕೆ, ಮುದ್ರಣದ ಜಾಗ 201–332. ಹೆಸರನ್ನು 025ರಿಂದ 240ಕ್ಕೆ ಸಾಗಿಸುವ ಆದೇಶ ಬಲದಿಂದ ಎಡಕ್ಕೆ ಒಂದೊಂದೇ ಅಕ್ಷರ ನಕಲು ಮಾಡುತ್ತ, ವರ್ಡ್ ಮಾರ್ಕ್ ಸಿಕ್ಕಿದಾಗ ಮಾತ್ರ ನಿಲ್ಲುತ್ತದೆ. 006ರಲ್ಲಿ ಗುರುತು ಹಾಕದಿದ್ದರೆ ಸದಸ್ಯ ಸಂಖ್ಯೆಯೂ ಬೆನ್ನಿಗೆ ಬಂದು 216–220ರಲ್ಲಿದ್ದುದನ್ನು ಅಳಿಸಿಹಾಕುತ್ತದೆ. ಕಾರ್ಡಿನಲ್ಲಿ ಗುರುತು ಪಂಚ್ ಮಾಡಲು ಬರುವುದಿಲ್ಲ. ಹಾಗಾಗಿ ಪ್ರೋಗ್ರಾಮಿನ ಮೊದಲ ಕಾರ್ಡಾದ ಬೂಟ್ ಕಾರ್ಡಿನ ಮೊದಲ ಆದೇಶವೇ ‘,008015’, ಅಂದರೆ 008 ಮತ್ತು 015ರಲ್ಲಿ ಗುರುತು ಹಾಕು. ಈ ಒಂದು ಸಾಲನ್ನು ಬೋರ್ಡಿನಲ್ಲಿ ಬಿಡಿಸಿ ತೋರಿಸಿದರೆ ಅರ್ಧ ಪಾಠ ಮುಗಿದಂತೆ.

ಹೆಸರುಗಳೆಲ್ಲ ಇಂಗ್ಲಿಷ್ ದೊಡ್ಡಕ್ಷರದಲ್ಲೇ ಇರಬೇಕು. 1401ರ ಜೊತೆಗಿನ 1403 ಪ್ರಿಂಟರಿನ ಮಾಮೂಲಿ ಸರಪಳಿಯಲ್ಲಿ (ಅಚ್ಚಿನ ಅಕ್ಷರಗಳ ಸರಪಳಿ) ಇದ್ದದ್ದು 48 ಚಿಹ್ನೆ. ಕನ್ನಡವೂ ಇಲ್ಲ, ಮಲಯಾಳವೂ ಇಲ್ಲ. ಕಾಸರಗೋಡಿನ ಮಟ್ಟಿಗೆ ಜಗಳವಿಲ್ಲದ ಏರ್ಪಾಡು!

ಸಿಮ್‌ಎಚ್ ಮೇಲೆ ನಮ್ಮ ತಕರಾರು ವೇಗದ ಬಗ್ಗೆ. ಕಂಪನಿಗಳು 1401ಕ್ಕೆ ಮನಸೋತದ್ದು ಬಹುಪಾಲು ಈ ಪ್ರಿಂಟರಿಗಾಗಿ: ನಿಮಿಷಕ್ಕೆ 600 ಸಾಲು, ಸಾಲಿಗೆ 132 ಅಕ್ಷರ. ಕಾರ್ಡ್ ಓದುವಿಕೆ ನಿಮಿಷಕ್ಕೆ 800. ಅಸಲಿ ಯಂತ್ರದಲ್ಲಿ 900 ಸದಸ್ಯರ ಪಟ್ಟಿಗೆ ಮುದ್ರಣವೊಂದೇ ಒಂದೂವರೆ ನಿಮಿಷ ಹಿಡಿಯುತ್ತದೆ. ಇಲ್ಲಿ ಎಂಟರ್ ಒತ್ತಿ ಕಣ್ಣು ಮಿಟುಕಿಸುವಷ್ಟರಲ್ಲಿ ಫೈಲು ತಯಾರು. ಪ್ರೊಸೆಸರಿನ ಲೆಕ್ಕ ಮೈಕ್ರೋಸೆಕೆಂಡಿನಲ್ಲಿ (ಒಂದು ಮೆಮೊರಿ ಆವರ್ತಕ್ಕೆ 11.5), ಮುದ್ರಣದ್ದು ಸಾಲಿಗೆ 100 ಮಿಲಿಸೆಕೆಂಡು ಎಂಬ ಅಂತರ ತೆರೆಯ ಮೇಲೆ ಕಾಣುವುದೇ ಇಲ್ಲ. 900 ಸಾಲಿಗೆ ತಲಾ 100 ಮಿಲಿಸೆಕೆಂಡು ಎಂಬ ಗುಣಾಕಾರವನ್ನು ಮಕ್ಕಳ ಕೈಯಲ್ಲೇ ಮೊದಲು ಮಾಡಿಸಿ, ಆಮೇಲೆ ಬೂಟ್ ಮಾಡಿಸಿ. ಪ್ರಿಂಟರ್ ಫೈಲು ಅಟ್ಯಾಚ್ ಮಾಡಲು ಮರೆತರೆ ಮೊದಲ ಸಾಲಿಗೇ ನಿಂತುಬಿಡುತ್ತದೆ, ಅದನ್ನೂ ಹೇಳಿಡಿ.