ಚಾಕೊಲೇಟ್ ಬೆಲ್ಟೋ ಅನ್ನದ ಪಾತ್ರೆಯೋ: ‘ಐ ಲವ್ ಲೂಸಿ’ಯ ಆರು ಕಂತುಗಳು

ಅಮ್ಮನಿಗೆ ಮೊಣಕಾಲಿನ ಆಪರೇಷನ್ ಆಗಿ ಆರು ವಾರ ಮನೆಯಲ್ಲೇ ಇರಬೇಕಾಗಿ ಬಂತು. ಆಗ ರಾತ್ರಿ ಊಟವಾದ ಮೇಲೆ ‘ಐ ಲವ್ ಲೂಸಿ’ ಹಾಕತೊಡಗಿದೆ. ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಹದಿಮೂರು ವರ್ಷದ ಮಗನಿಗೆ ಕಪ್ಪು-ಬಿಳುಪು ಎಂದರೆ ಆಗದು. ಅವರಿಬ್ಬರ ಮಧ್ಯೆ ರಿಮೋಟ್ ಹಿಡಿದು ಕೂತವಳು ನಾನು.

ಈ ಧಾರಾವಾಹಿಯ ಎರಡು ಮೂರು ದೃಶ್ಯಗಳನ್ನು ಫೋನಿನಲ್ಲಿ ನೋಡದವರು ಕಡಿಮೆ. ಫ್ಯಾಕ್ಟರಿಯ ಓಡುವ ಬೆಲ್ಟಿನ ಮೇಲೆ ಚಾಕೊಲೇಟ್ ಸಾಲಾಗಿ ಬರುತ್ತದೆ, ಇಬ್ಬರು ಹೆಂಗಸರು ಅದನ್ನು ಬಾಯಿಗೆ ತುರುಕಿಕೊಳ್ಳುತ್ತಾರೆ. ಇನ್ನೊಂದರಲ್ಲಿ ಒಬ್ಬಳು ಟಾನಿಕ್ ಕುಡಿದು ಕುಡಿದು ತೊದಲುತ್ತಾಳೆ. ಹೀಗೆ ತುಂಡಾಗಿ ಹೆಸರು ಮಾಡಿದ ದೃಶ್ಯಗಳು ಇಡೀ ಕಂತಾಗಿ ನೋಡಿದಾಗ ಹೇಗಿರುತ್ತವೆ ಎಂದು ನೋಡಬೇಕಿತ್ತು. ಅದಕ್ಕೇ ಆರು ಕಂತು ಆರಿಸಿ, ಒಂದೊಂದನ್ನೂ ಎರಡೆರಡು ಸಲ ಹಾಕಿದೆ. ಅಮ್ಮನಿಗೆ ಅರ್ಥ ಹೇಳಲು ಎಷ್ಟು ಸಲ ನಿಲ್ಲಿಸಬೇಕಾಯಿತು ಎನ್ನುವುದನ್ನೂ ಬರೆದಿಟ್ಟುಕೊಂಡೆ.

ಗೊತ್ತಿಲ್ಲದವರಿಗೆ ಹಿನ್ನೆಲೆ ಇಷ್ಟು. 1951ರ ಅಕ್ಟೋಬರ್ 15ರಂದು ಅಮೆರಿಕದ ಸಿಬಿಎಸ್ ಚಾನೆಲ್‌ನಲ್ಲಿ ಶುರುವಾಗಿ 1957ರ ಮೇ 6ಕ್ಕೆ ಮುಗಿದ 180 ಕಂತುಗಳ ಹಾಸ್ಯ ಧಾರಾವಾಹಿ ಇದು. ನ್ಯೂಯಾರ್ಕಿನ ಒಂದು ಅಪಾರ್ಟ್‌ಮೆಂಟ್. ಗಂಡ ರಿಕಿ ರಿಕಾರ್ಡೊ ಕ್ಯೂಬಾದಿಂದ ಬಂದವನು, ನೈಟ್‌ಕ್ಲಬ್ಬಿನಲ್ಲಿ ವಾದ್ಯವೃಂದ ನಡೆಸುತ್ತಾನೆ. ಹೆಂಡತಿ ಲೂಸಿಗೆ ಮನೆಯಲ್ಲಿ ಕೂತಿರಲು ಆಗುವುದಿಲ್ಲ, ತಾನೂ ಸ್ಟೇಜು ಹತ್ತಬೇಕು. ಮನೆ ಮಾಲೀಕರಾದ ಫ್ರೆಡ್ ಮತ್ತು ಎಥೆಲ್ ಇವರ ಜೀವದ ಗೆಳೆಯರು. ಲೂಸಿಯಾದ ಲೂಸಿಲ್ ಬಾಲ್, ರಿಕಿಯಾದ ಡೆಸಿ ಆರ್ನಾಜ್ ನಿಜಜೀವನದಲ್ಲೂ ಆಗ ಗಂಡ ಹೆಂಡತಿ. ಇನ್ನೊಂದು ವಿಷಯವನ್ನೂ ಹೇಳಲೇಬೇಕು. ಆ ಕಾಲದ ಎಷ್ಟೋ ಕಾರ್ಯಕ್ರಮಗಳು ನೇರಪ್ರಸಾರವಾಗಿ ಹಾಗೇ ಕಳೆದುಹೋದವು. ಇವರು ಮಾತ್ರ ಪ್ರೇಕ್ಷಕರನ್ನು ಎದುರಿಗೆ ಕೂರಿಸಿಕೊಂಡು, ಮೂರು ಕ್ಯಾಮೆರಾ ಇಟ್ಟು, 35 ಎಂಎಂ ಸಿನಿಮಾ ಫಿಲ್ಮಿನಲ್ಲಿ ಚಿತ್ರೀಕರಿಸಿದರು. ಛಾಯಾಗ್ರಾಹಕ ಕಾರ್ಲ್ ಫ್ರಾಯಂಡ್ ಜರ್ಮನಿಯ ಮೂಕಿಚಿತ್ರಗಳ ಕಾಲದಿಂದ ಬಂದ ಪಳಗಿದ ಕೈ. ಎಪ್ಪತ್ತು ವರ್ಷ ಕಳೆದರೂ ಚಿತ್ರ ಇಷ್ಟು ಸ್ಪಷ್ಟವಾಗಿರುವುದು ಇದರಿಂದ. ಕೇಳಿಸುವ ನಗುವೂ ಎದುರಿಗೆ ಕೂತ ಜನರದ್ದು. ಹೋಲಿಸುವಾಗ ಇದು ನನಗೆ ತುಂಬ ನೆರವಾಯಿತು, ಏಕೆಂದರೆ ಎಲ್ಲಿ ಆ ಜನ ನಗಲಿಲ್ಲ ಎನ್ನುವುದೂ ಕೇಳಿಸುತ್ತದೆ.

ಮೊದಲು ಟಾನಿಕ್ಕಿನ ಕಂತು. 1952ರ ಮೇ 5ರದ್ದು. ರಿಕಿಯ ಟಿವಿ ಕಾರ್ಯಕ್ರಮಕ್ಕೆ ಜಾಹೀರಾತು ಹೇಳುವ ಹುಡುಗಿ ಬೇಕು. ಲೂಸಿ ಉಪಾಯ ಮಾಡಿ ಆ ಜಾಗಕ್ಕೆ ತಾನೇ ಹೋಗಿ ನಿಲ್ಲುತ್ತಾಳೆ. ಮಾರಬೇಕಾದ್ದು ‘ವಿಟಾಮೀಟಾವೆಜಮಿನ್’. ವಿಟಮಿನ್, ಮಾಂಸ, ತರಕಾರಿ, ಖನಿಜ ಎಲ್ಲವನ್ನೂ ಒಂದೇ ಹೆಸರಿಗೆ ತುಂಬಿದ್ದಾರೆ. ಅದರಲ್ಲಿ ನೂರಕ್ಕೆ 23 ಭಾಗ ಆಲ್ಕೋಹಾಲ್ ಇರುವುದು ಅವಳಿಗೆ ಗೊತ್ತಿಲ್ಲ. ಪ್ರತಿ ರಿಹರ್ಸಲ್‌ಗೂ ಒಂದೊಂದು ಚಮಚ ಒಳಗೆ ಹೋಗುತ್ತದೆ.

ಈ ದೃಶ್ಯದ ಕಟ್ಟಡ ನನಗೆ ಅರ್ಥವಾದದ್ದು ಎರಡನೇ ಸಲ ನೋಡಿದಾಗ. ಮೊದಲ ರಿಹರ್ಸಲ್‌ನಲ್ಲಿ ಲೂಸಿ ಮಾತನ್ನು ನೆಟ್ಟಗೆ, ಪೂರ್ತಿ ಹೇಳುತ್ತಾಳೆ. ಹಾಗೆ ನಮಗೂ ಅದು ಬಾಯಿಪಾಠವಾಗಿಬಿಡುತ್ತದೆ. ಆಮೇಲೆ ಒಂದು ಅಕ್ಷರ ಜಾರಿದರೂ ಸಾಕು, ನೋಡುವವರಿಗೆ ತಕ್ಷಣ ತಿಳಿಯುತ್ತದೆ. ಹೆಸರು ಒಂದೊಂದು ಸಲ ಒಂದೊಂದು ಕಡೆ ಮುರಿದು ಬೀಳುತ್ತದೆ. ಮತ್ತೆ, ಲೂಸಿಲ್ ಬಾಲ್ ಕುಡಿದವಳ ಹಾಗೆ ತೂರಾಡುವುದೇ ಇಲ್ಲ. ಕುಡಿದಿಲ್ಲ ಎಂದು ತೋರಿಸಿಕೊಳ್ಳಲು ಹೆಣಗುವವಳ ಹಾಗೆ ನೆಟ್ಟಗೆ ನಿಲ್ಲಲು ನೋಡುತ್ತಾಳೆ. ಆ ಹೆಣಗಾಟವನ್ನು ಅವಳಷ್ಟು ಚೆನ್ನಾಗಿ ಮಾಡಿದ ನಟಿಯನ್ನು ನಾನು ಕಂಡಿಲ್ಲ.

ಆದರೆ ಏಳು ಸಲ ನಿಲ್ಲಿಸಬೇಕಾಯಿತು. ಮಾತಿನ ಆಟವನ್ನು ನಿಲ್ಲಿಸಿ ವಿವರಿಸಿದರೆ ಅದರ ಜೀವ ಹೋಗುತ್ತದೆ. ಅಮ್ಮ ಮನಸಾರೆ ನಕ್ಕದ್ದು ಒಂದೇ ಕಡೆ, ಮೊದಲ ಚಮಚ ನುಂಗಿದ ಲೂಸಿ ಮುಖ ಕಿವುಚಿಕೊಂಡೇ ನಗಲು ಯತ್ನಿಸುವಾಗ. “ಹರಳೆಣ್ಣೆ ಕುಡಿಸಿದಾಗ ನೀನೂ ಹೀಗೇ ಮುಖ ಮಾಡ್ತಿದ್ದೆ ಕಣೇ” ಎಂದರು.

ಕಂತಿನ ಉಳಿದ ಭಾಗದಲ್ಲಿ ಒಂದು ಒಳ್ಳೆಯ ಪ್ರಸಂಗವಿದೆ. ಟಿವಿಯಲ್ಲಿ ತಾನು ಹೇಗೆ ಕಾಣುತ್ತೇನೆ ಎಂದು ತೋರಿಸಲು ಲೂಸಿ ಮನೆಯ ಟಿವಿಯ ಒಳಗಿನದ್ದನ್ನೆಲ್ಲ ಬಿಚ್ಚಿ ತೆಗೆದು, ಖಾಲಿ ಪೆಟ್ಟಿಗೆಯೊಳಗೆ ತಾನೇ ಕೂರುತ್ತಾಳೆ. ಅದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ಆ ಟಾನಿಕ್ ದೃಶ್ಯ ತಲುಪಲು ಹಾಕಿದ ದಾರಿ. ಫೋನಿನಲ್ಲಿ ತುಂಡು ನೋಡಿದವರು ಕಳೆದುಕೊಂಡದ್ದು ಹೆಚ್ಚಿಲ್ಲ.

ಚಾಕೊಲೇಟ್ ಕಂತು ಇದಕ್ಕೆ ತದ್ವಿರುದ್ಧ. 1952ರ ಸೆಪ್ಟೆಂಬರ್ 15ರಂದು ಎರಡನೇ ಸೀಸನ್ ಶುರುವಾದದ್ದೇ ಇದರಿಂದ. ಬೆಲ್ಟಿನ ದೃಶ್ಯವನ್ನು ಹತ್ತಾರು ಸಲ ನೋಡಿದ್ದ ನನಗೆ, ಅದಕ್ಕೆ ಮೊದಲು ಇಷ್ಟೊಂದು ಕಥೆಯಿದೆ ಎನ್ನುವುದೇ ಗೊತ್ತಿರಲಿಲ್ಲ. ಕಥೆ ಒಂದು ಚೆಕ್ಕಿನಿಂದ ಶುರುವಾಗುತ್ತದೆ. ಖಾತೆಯಲ್ಲಿ ದುಡ್ಡಿಲ್ಲದಿದ್ದರೂ ಲೂಸಿ ಚೆಕ್ ಬರೆದು, ಮುಂದಿನ ತಿಂಗಳವರೆಗೆ ಇದನ್ನು ಪಾಸು ಮಾಡಬೇಡಿ ಎಂದು ಬ್ಯಾಂಕಿನವರಿಗೆ ಅದರ ಮೇಲೇ ಪ್ರೀತಿಯಿಂದ ಬರೆದಿರುತ್ತಾಳೆ. ರಿಕಿ ಕೂಗಾಡುತ್ತಾನೆ. ದುಡಿಯುವುದು ಕಷ್ಟವೋ ಮನೆ ನಡೆಸುವುದು ಕಷ್ಟವೋ ಎಂದು ಮಾತಿಗೆ ಮಾತು ಬೆಳೆದು ಕೆಲಸ ಅದಲುಬದಲಾಗುತ್ತದೆ. ಹೆಂಗಸರು ಫ್ಯಾಕ್ಟರಿಗೆ, ಗಂಡಸರು ಅಡುಗೆಮನೆಗೆ.

ಇಲ್ಲಿ ನಿಲ್ಲಿಸಬೇಕಾದದ್ದು ಎರಡೇ ಸಲ. ಒಂದು ಆ ಚೆಕ್ಕಿಗೆ. ಎರಡನೆಯದು ಅನ್ನಕ್ಕೆ.

ರಿಕಿ ಕೋಳಿ ಹಾಕಿದ ಅನ್ನ ಮಾಡಲು ಹೊರಡುತ್ತಾನೆ. ಅಕ್ಕಿ ಎಷ್ಟು ಹಾಕಬೇಕು? ತಲೆಗೆ ಒಂದು ಪೌಂಡ್ ಎಂದು ಲೆಕ್ಕವಾಗುತ್ತದೆ. ಅಮ್ಮ ಕೇಳಿದರು, “ಪೌಂಡ್ ಅಂದ್ರೆ ಎಷ್ಟೇ?” ಅರ್ಧ ಕೇಜಿಗೆ ಸ್ವಲ್ಪ ಕಮ್ಮಿ ಎಂದೆ. “ನಾಲ್ಕು ಜನಕ್ಕೆ ಹತ್ತಿರ ಎರಡು ಕೇಜಿ ಅಕ್ಕಿಯಾ! ಅಯ್ಯೋ ರಾಮ, ಮದುವೆ ಮನೆಗಾ?” ಎಂದವರೇ ನಗತೊಡಗಿದರು. ಪರದೆಯ ಮೇಲೆ ಇನ್ನೂ ಏನೂ ಆಗಿರಲಿಲ್ಲ, ಪಾತ್ರೆ ಸುಮ್ಮನೆ ಒಲೆಯ ಮೇಲಿತ್ತು. ಮಗ ಅಜ್ಜಿಯ ಮುಖ ನೋಡಿದ, ಯಾಕೆ ನಗುತ್ತಿದ್ದಾರೆಂದು ಅವನಿಗೆ ತಿಳಿಯಲಿಲ್ಲ. ಅನ್ನ ಉಕ್ಕಿ ಒಲೆಯಿಂದ ಕೆಳಗಿಳಿದು, ಗಂಡಸರಿಬ್ಬರೂ ಅದರಲ್ಲಿ ಜಾರಿ ಬಿದ್ದಾಗ ಅವನೂ ನಕ್ಕ. ಅಷ್ಟು ಹೊತ್ತಿಗೆ ಅಮ್ಮ ಕಣ್ಣೊರೆಸಿಕೊಳ್ಳುತ್ತಿದ್ದರು. ಐವತ್ತು ವರ್ಷ ಅನ್ನ ಬಸಿದ ಕೈಗೆ ಆ ಪಾತ್ರೆಯೊಳಗೆ ಏನಾಗುತ್ತದೆಂದು ಮೊದಲೇ ಗೊತ್ತು. 1952ರಲ್ಲಿ ಸೆಟ್ಟಿನ ಎದುರು ಕೂತಿದ್ದ ಹೆಂಗಸರೂ ಹೀಗೇ ಮುಂಚೆಯೇ ನಕ್ಕಿರಬೇಕು ಎಂದು ನನ್ನ ಊಹೆ.

ಇದನ್ನು ನೋಡಿದ ಮೇಲೆ ಬೆಲ್ಟಿನ ದೃಶ್ಯಕ್ಕೇ ಬೇರೆ ತೂಕ ಬರುತ್ತದೆ. ಕಾಗದ ಸುತ್ತದ ಒಂದು ಚಾಕೊಲೇಟ್ ಮುಂದೆ ಹೋದರೂ ಕೆಲಸದಿಂದ ತೆಗೆಯುತ್ತೇನೆ ಎಂದು ಮೇಲ್ವಿಚಾರಕಿ ಗದರಿಸಿ ಹೋಗಿರುತ್ತಾಳೆ. ಬೆಲ್ಟ್ ಮೊದಲು ನಿಧಾನ, ಆಮೇಲೆ ಜೋರು. ಲೂಸಿ, ಎಥೆಲ್ ಇಬ್ಬರೂ ಬಾಯಿ, ಟೋಪಿ, ರವಿಕೆ, ಸಿಕ್ಕಲ್ಲೆಲ್ಲ ತುಂಬಿ ಬಚ್ಚಿಡುತ್ತಾರೆ. ಮೇಲ್ವಿಚಾರಕಿ ಬಂದು ನೋಡಿದರೆ ಬೆಲ್ಟ್ ಖಾಲಿ. ಭೇಷ್ ಎಂದು ಇನ್ನೂ ಜೋರಾಗಿ ಬಿಡಲು ಹೇಳುತ್ತಾಳೆ! ಅಮ್ಮನಿಗೆ ಇದನ್ನು ವಿವರಿಸಬೇಕಾಗಲಿಲ್ಲ. “ಮಾಡೋರ ತಲೆ ಮೇಲೇ ಇನ್ನಷ್ಟು ಹೇರೋದು” ಎಂದರು. ಕೊನೆಗೆ ಸೋತ ಗಂಡಂದಿರು ಹೆಂಡತಿಯರಿಗೆ ಪ್ರೀತಿಯಿಂದ ತರುವುದು ಐದೈದು ಪೌಂಡಿನ ಚಾಕೊಲೇಟ್ ಡಬ್ಬಿ. ಅಲ್ಲಿ ಆ ಇಬ್ಬರ ಮುಖ ನೋಡಬೇಕು. ಎಥೆಲ್ ಆಗಿರುವ ವಿವಿಯನ್ ವ್ಯಾನ್ಸ್ ಇಲ್ಲದಿದ್ದರೆ ಈ ಕಂತಿಗೆ ಅರ್ಧ ಬೆಲೆಯೂ ಇರುತ್ತಿರಲಿಲ್ಲ ಎಂದು ನನಗೆ ಎರಡು ಸಲವೂ ಅನ್ನಿಸಿತು.

ದ್ರಾಕ್ಷಿ ತುಳಿಯುವ ಕಂತು (1956ರ ಏಪ್ರಿಲ್ 16) ನನಗೆ ಮೊದಲಷ್ಟು ಹಿಡಿಸಲಿಲ್ಲ. ಇಟಲಿಯ ನಿರ್ದೇಶಕನೊಬ್ಬನ ಸಿನಿಮಾದಲ್ಲಿ ಪಾತ್ರ ಸಿಗುತ್ತದೆಂದು ನಂಬಿದ ಲೂಸಿ, ಹಳ್ಳಿಯ ಹೆಣ್ಣುಮಗಳಾಗಿ ಅಭಿನಯಿಸಲು ಅನುಭವ ಬೇಕೆಂದು ದ್ರಾಕ್ಷಿ ತೊಟ್ಟಿಗೆ ಇಳಿಯುತ್ತಾಳೆ. ತೊಟ್ಟಿಯೊಳಗಿನ ಜಗಳ ಮೊದಲ ಸಲಕ್ಕೆ ಚೆನ್ನ. ಎರಡನೇ ಸಲ ಉದ್ದವೆನಿಸಿತು. ಮೈಯೆಲ್ಲ ದ್ರಾಕ್ಷಿಯ ಬಣ್ಣವಾಗಿ ಬರುವುದೇ ಕಥೆಯ ತಿರುವು, ಕಪ್ಪು-ಬಿಳುಪಿನಲ್ಲಿ ಅದು ಕಾಣುವುದು ಹೇಗೆ? 2013ರಲ್ಲಿ ಸಿಬಿಎಸ್ ಇದಕ್ಕೆ ಬಣ್ಣ ಹಾಕಿ ಪ್ರಸಾರ ಮಾಡಿತು. ಬಣ್ಣ ಬೇಕೇ ಬೇಕು ಎನ್ನಿಸಿದ ಕಂತು ಈ ಆರರಲ್ಲಿ ಇದೊಂದೇ.

ಸಿನಿಮಾಗಳಲ್ಲಿ ಮಾತೇ ಆಡದೆ ನಗಿಸುತ್ತಿದ್ದ ಹಾಸ್ಯನಟ ಹಾರ್ಪೊ ಮಾರ್ಕ್ಸ್ ಬರುವ ಕಂತು (1955ರ ಮೇ 9) ಮಗನ ಪಾಲಿಗೆ ಎಲ್ಲಕ್ಕಿಂತ ಮೇಲು. ಹಾರ್ಪೊ ವೇಷ ಹಾಕಿಕೊಂಡ ಲೂಸಿಯ ಎದುರಿಗೆ ನಿಜವಾದ ಹಾರ್ಪೊನೇ ಬಂದು ನಿಲ್ಲುತ್ತಾನೆ. ತಾನು ಅವನ ಕನ್ನಡಿಯ ಪ್ರತಿಬಿಂಬ ಎನ್ನುವ ಹಾಗೆ ಅವಳು ಅವನ ಒಂದೊಂದು ಚಲನೆಯನ್ನೂ ಹಿಂಬಾಲಿಸಬೇಕು. ಮಾತೇ ಇಲ್ಲ, ಹಾಗಾಗಿ ನಿಲ್ಲಿಸುವ ಪ್ರಶ್ನೆಯೂ ಇಲ್ಲ. ಹಾರ್ಪೊ ಮತ್ತು ಅವನ ಅಣ್ಣತಮ್ಮಂದಿರಾದ ಮಾರ್ಕ್ಸ್ ಸಹೋದರರು 1933ರ ತಮ್ಮ ಸಿನಿಮಾದಲ್ಲಿ ಮಾಡಿದ್ದ ಆಟವನ್ನೇ ಇಲ್ಲಿ ಮತ್ತೆ ಆಡಿದ್ದಾರೆ. ಮಗ ಅದನ್ನು ಮೂರು ಸಲ ಹಿಂದಕ್ಕೆ ಓಡಿಸಿ, ಕೈ ಯಾವಾಗ ತಪ್ಪುತ್ತದೆ ಎಂದು ಹುಡುಕಿದ. ಕಪ್ಪು-ಬಿಳುಪಿನ ತಕರಾರು ಅವತ್ತಿಗೆ ಮುಗಿಯಿತು.

ಇನ್ನು ಜೋಡಿಯಾಗಿ ನೋಡಲೇಬೇಕಾದ ಎರಡು ಕಂತುಗಳಿವೆ. ಒಂದು, ಬಸುರಿಯಾದ ಸುದ್ದಿಯನ್ನು ಲೂಸಿ ಗಂಡನಿಗೆ ಹೇಳುವುದು, 1952ರ ಡಿಸೆಂಬರ್ 8ರದ್ದು. ಇನ್ನೊಂದು, ಹೆರಿಗೆಗೆ ಆಸ್ಪತ್ರೆಗೆ ಹೋಗುವುದು, 1953ರ ಜನವರಿ 19ರದ್ದು. ಹೆಸರು ಮಾಡಿದ್ದು ಎರಡನೆಯದು. ಅದನ್ನು ಸುಮಾರು 4.4 ಕೋಟಿ ಜನ ನೋಡಿದರು. ಮರುದಿನ ಐಸೆನ್‌ಹೋವರ್ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದ್ದನ್ನು ಟಿವಿಯಲ್ಲಿ ನೋಡಿದವರು ಸುಮಾರು 2.9 ಕೋಟಿ. ಕಂತು ಪ್ರಸಾರವಾದ ದಿನವೇ ಲೂಸಿಲ್ ಬಾಲ್‌ಗೆ ಸಿಸೇರಿಯನ್ ಆಗಿ ನಿಜವಾಗಿಯೂ ಗಂಡುಮಗು ಹುಟ್ಟಿತ್ತು. ಕಥೆಯಲ್ಲೂ ಗಂಡು ಎಂದು ಮೊದಲೇ ಬರೆದು ಚಿತ್ರೀಕರಿಸಿಟ್ಟಿದ್ದರು.

ಇಷ್ಟೆಲ್ಲ ಕೇಳಿ ನೋಡಲು ಕೂತರೆ ನನಗೆ ನಿರಾಸೆಯಾಯಿತು. ಗಂಡ ಮತ್ತು ಗೆಳೆಯರು ಆಸ್ಪತ್ರೆಗೆ ಹೊರಡುವುದನ್ನು ಶಾಂತವಾಗಿ ಅಭ್ಯಾಸ ಮಾಡಿ, ನಿಜವಾದ ನೋವು ಬಂದಾಗ ಗಾಬರಿಯಲ್ಲಿ ಲೂಸಿಯನ್ನೇ ಮನೆಯಲ್ಲಿ ಬಿಟ್ಟು ಓಡುತ್ತಾರೆ. ಅದು ಸೊಗಸಾಗಿದೆ. ಆಮೇಲೆ ಉಳಿಯುವುದು ರಿಕಿಯ ಗಾಬರಿ, ಕ್ಲಬ್ಬಿನ ಭಯಂಕರ ಮುಖವರ್ಣಿಕೆಯಲ್ಲೇ ಅವನು ಆಸ್ಪತ್ರೆಗೆ ಬಂದು ನರ್ಸನ್ನು ಹೆದರಿಸುವುದು. ಲೂಸಿಯ ಜೀವನದ ದೊಡ್ಡ ದಿನ, ಅಲ್ಲಿ ಲೂಸಿಯೇ ಇಲ್ಲ. ಅಮ್ಮನೂ ಎರಡು ಸಲ ಕೇಳಿದರು, “ಅವಳೆಲ್ಲಿ?”

ಮೊದಲನೆಯದರಲ್ಲಿ ಇಡೀ ಕಂತು ಅವಳದ್ದೇ. ಈ ಸುದ್ದಿಯನ್ನು ಗಂಡನಿಗೆ ಹೇಗೆ ಹೇಳಬೇಕೆಂದು ಎಷ್ಟೋ ವರ್ಷಗಳಿಂದ ಕನಸು ಕಂಡಿದ್ದಾಳೆ. ಹೇಳಲು ಬಾಯಿ ತೆರೆದಾಗಲೆಲ್ಲ ಫೋನು, ಇಲ್ಲವೇ ಎಥೆಲ್, ಫ್ರೆಡ್. ಕ್ಲಬ್ಬಿಗೇ ಹೋದರೆ ಅಲ್ಲಿ ವಾದ್ಯದವರು. ಕೊನೆಗೆ ರಾತ್ರಿ ಕಾರ್ಯಕ್ರಮದ ನಡುವೆ ರಿಕಿಯ ಕೈಗೆ ಒಂದು ಚೀಟಿ ಬರುತ್ತದೆ: ಇಲ್ಲಿ ಕೂತಿರುವ ದಂಪತಿಗೆ ಮಗುವಾಗಲಿದೆ, ಅವರಿಗಾಗಿ ಒಂದು ಹಾಡು ಹಾಡಿ. ಅವನು ಲಾಲಿ ಹಾಡುತ್ತ ಮೇಜಿನಿಂದ ಮೇಜಿಗೆ ಹೋಗುತ್ತಾನೆ, ನೀವಾ ಎಂದು ಕಣ್ಣಲ್ಲೇ ಕೇಳುತ್ತ. ಒಂದು ಮೇಜಿನಲ್ಲಿ ಲೂಸಿ ಕೂತಿದ್ದಾಳೆ. ಅವನು ನಕ್ಕು ಮುಂದೆ ಹೊರಟು, ನಿಂತು, ತಿರುಗುತ್ತಾನೆ. ಅವಳು ತಲೆಯಾಡಿಸುತ್ತಾಳೆ.

ಆಮೇಲೆ ಇಬ್ಬರ ಕಣ್ಣಲ್ಲೂ ಬಂದ ನೀರು ನಿಜವಾದದ್ದು. ಸ್ಕ್ರಿಪ್ಟಿನಲ್ಲಿ ಅಳು ಇರಲಿಲ್ಲ. ಡೆಸಿ ಆರ್ನಾಜ್ ಹಾಡುತ್ತ ತಡವರಿಸುವುದು ಕಾಣುತ್ತದೆ. ನಗುವ ಜನ ನಿಶ್ಶಬ್ದವಾಗಿದ್ದಾರೆ.

ಬಸುರಿ ಎನ್ನುವ ಅರ್ಥದ ನೇರ ಇಂಗ್ಲಿಷ್ ಪದವನ್ನು ಆಗ ಟಿವಿಯಲ್ಲಿ ಬಳಸಲು ಸಿಬಿಎಸ್ ಬಿಟ್ಟಿರಲಿಲ್ಲ. ಪಾದ್ರಿ, ಪ್ರೊಟೆಸ್ಟಂಟ್ ಧರ್ಮಗುರು, ಯಹೂದಿ ರಬ್ಬಿ, ಮೂವರೂ ಈ ಕಂತುಗಳ ಸ್ಕ್ರಿಪ್ಟ್ ಓದಿ ಒಪ್ಪಬೇಕಿತ್ತು. ಕಂತಿನ ಹೆಸರಿನಲ್ಲೂ ಫ್ರೆಂಚ್ ಪದವನ್ನೇ ಇಟ್ಟರು. ಇದನ್ನು ಹೇಳಿದಾಗ ಅಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ. “ನಾವೂ ‘ವಿಶೇಷ’ ಅಂತಿದ್ವಿ ಅಷ್ಟೆ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿನ್ನ ವಿಷಯ ನಿಮ್ಮಪ್ಪಂಗೆ ಹೇಳೋಕೆ ನಂಗೆ ಮೂರು ದಿನ ಬೇಕಾಯ್ತು. ಮನೆ ತುಂಬ ಜನ. ಕೊನೆಗೆ ಬಾವಿ ಹತ್ರ ಹೇಳಿದ್ದು” ಎಂದರು. ನಾನು ಅದುವರೆಗೆ ಕೇಳಿರದ ಮಾತು. ರಿಮೋಟ್ ಕೈಯಲ್ಲಿತ್ತು, ಒತ್ತಲಿಲ್ಲ.

ಹೊಸದಾಗಿ ನೋಡುವವರು ಚಾಕೊಲೇಟ್ ಕಂತಿನಿಂದಲೇ ಶುರು ಮಾಡಿ, ಆದರೆ ಚೆಕ್ಕಿನಿಂದ ನೋಡಿ, ಬೆಲ್ಟಿನಿಂದಲ್ಲ. ಮನೆಯವರೆಲ್ಲ ಕೂತು ನೋಡಲು ಅದಕ್ಕಿಂತ ಒಳ್ಳೆಯದಿಲ್ಲ. ಇಂಗ್ಲಿಷ್ ಚೆನ್ನಾಗಿ ಬಲ್ಲವರು ಟಾನಿಕ್ಕಿನದನ್ನು ಎಷ್ಟು ಸಲವಾದರೂ ನೋಡಬಹುದು, ನಟನೆಯೊಂದನ್ನೇ ತೂಗಿದರೆ ಮೇಲುಗೈ ಅದರದ್ದೇ. ಚೀಟಿಯ ಕಂತನ್ನು ಮಾತ್ರ ಮೊದಲೇ ನೋಡಬೇಡಿ. ಇವರಿಬ್ಬರ ಜಗಳ, ಕಿತಾಪತಿ ನಾಲ್ಕಾರು ಕಂತಿನಲ್ಲಿ ನೋಡಿದ ಮೇಲೆ ನೋಡಿ, ಆಗ ಆ ತಲೆಯಾಡಿಸುವುದು ಎದೆಗೆ ತಾಕುತ್ತದೆ. ಆಸ್ಪತ್ರೆಯದು ಅದರ ಮರುದಿನಕ್ಕೆ ಸಾಕು.

ಮಗ ಇದನ್ನು ಒಪ್ಪಿಲ್ಲ, ಅವನಿಗೆ ಕನ್ನಡಿಯೇ ಮೊದಲು. ಕೋಲಿಲ್ಲದೆ ಓಡಾಡತೊಡಗಿದ ಮೇಲೂ ಅಮ್ಮ ಒಂದೊಂದು ರಾತ್ರಿ ಕೇಳುತ್ತಾರೆ, “ಆ ಅನ್ನದ್ದು ಹಾಕೇ.” ಊರೆಲ್ಲ ಚಾಕೊಲೇಟಿನ ಹೆಸರಲ್ಲಿ ಕರೆಯುವ ಕಂತಿಗೆ ನಮ್ಮ ಮನೆಯಲ್ಲಿ ಈಗ ಅದೇ ಹೆಸರು.